ಅಕ್ಕನ ತೋಳು, ನನ್ನ ಹೆಸರು

ಚಿನ್ನೀ, ಗುಂಡಾ,

ನೀವಿಬ್ಬರೂ ನನ್ನನ್ನು ಅಜ್ಜಿ ಎನ್ನದೆ ಪಾಟಿ ಎಂದು ಕರೆಯುತ್ತೀರಿ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತೀರಿ. ಅದಕ್ಕೆ ನನಗೆ ಬೇಸರವಿಲ್ಲ. ಬೇಸಿಗೆ ರಜೆಯಲ್ಲಿ ನಾನು ಕಲಿಸಿದ ಅಕ್ಷರಗಳು ನೆನಪಿದ್ದರೆ ಇದನ್ನು ಓದಬಲ್ಲಿರಿ. ತೊಡಕಾದರೆ ನಿಮ್ಮ ಅಮ್ಮನನ್ನು ಕೇಳಿ. ಅಕ್ಷರಗಳು ದೊಡ್ಡದಾಗಿವೆ, ಸಾಲುಗಳು ಸೊಟ್ಟಗಾಗಿವೆ. ಬಲಗಣ್ಣಿನ ಪೊರೆ ತೆಗೆಸದೆ ಉಳಿದಿದೆ. ಯಾಕೆ ಉಳಿಯಿತೆಂದು ಮುಂದೆ ಹೇಳುತ್ತೇನೆ.

ನಾನು ಓದಿದ್ದು ಕೋಲಾರದ ಕಡೆಯ ನಮ್ಮೂರ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಇವತ್ತಿಗೂ ಬೇರೆಯವರ ಹಿಂದೆ ಸರಿದು ನಿಲ್ಲುತ್ತೇನೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದ ದಿನ ನೀವು ಸ್ಕೂಲಿನಲ್ಲಿದ್ದಿರಿ. ಸಂಜೆ ಬಂದು ಪಾಟಿಗೆ ಏನಾಯಿತು ಎಂದು ಅತ್ತಿರಿ. ನನಗೆ ಏನೂ ಆಗಿರಲಿಲ್ಲ ಮಕ್ಕಳೇ. ಆಗಿದ್ದು ನಿಮ್ಮ ದೊಡ್ಡಪಾಟಿಗೆ.

ದೊಡ್ಡಪಾಟಿ ಎಂದರೆ ನಿಮ್ಮ ತಾತನ ಅಣ್ಣನ ಹೆಂಡತಿ, ನನಗೆ ವಾರಗಿತ್ತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಿಮ್ಮ ತಾತ, ಅವರ ಅಣ್ಣ ಇಬ್ಬರೂ ರೈಲ್ವೆ ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಪೆರಂಬೂರಿನಲ್ಲಿ ಒಂದೇ ಮನೆ, ಒಂದೇ ಒಲೆ. ನಾನು ಮದುವೆಯಾಗಿ ಬಂದಾಗ ತಮಿಳಿನ ಒಂದು ಮಾತೂ ಬರುತ್ತಿರಲಿಲ್ಲ. ಅಕ್ಕ ನನ್ನ ಮುಂಗೈ ಹಿಡಿದು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುತ್ತಿದ್ದಳು. ಬದನೆಕಾಯಿಯನ್ನು ಹಿಸುಕಿ ನೋಡುವುದನ್ನೂ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವುದನ್ನೂ ಕಲಿಸಿದವಳು ಅವಳೇ.

ಆ ಮನೆಯಲ್ಲಿ ನಮ್ಮತ್ತೆ ಹಾಕಿದ ಒಂದು ಪದ್ಧತಿಯಿತ್ತು. ಮನೆಗೆ ಯಾವ ಹೊಸ ವಸ್ತು ಬಂದರೂ ಮೊದಲು ಹಿರಿಸೊಸೆಯ ಕೈ ಸೋಕಬೇಕು. ಹೊಸ ಬಿಂದಿಗೆಗೆ ಅಕ್ಕನೇ ಮೊದಲು ನೀರು ಹಿಡಿಯುತ್ತಿದ್ದಳು. ಗ್ಯಾಸ್ ಒಲೆ ಬಂದ ದಿನ ಅವಳೇ ಹಚ್ಚಿದಳು. ನಿಮ್ಮ ತಾತ ನನಗೆಂದು ತಂದ ಸೀರೆಯನ್ನೂ ಅವಳು ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, "ತಗೊಳ್ಳೇ ಚಿಕ್ಕೋಳೇ, ಈಗ ನಿಂದು" ಎಂದು ಕೊಡುತ್ತಿದ್ದಳು. ಆಮೇಲೆ ಮನೆಗಳು ಬೇರೆಯಾದವು. ಅತ್ತೆ ಹೋದರು, ಗಂಡಂದಿರಿಬ್ಬರೂ ಹೋದರು. ನಾನು ಅಣ್ಣಾ ನಗರದ ಈ ಫ್ಲಾಟಿಗೆ ನಿಮ್ಮೊಡನೆ ಇರಲು ಬಂದೆ. ಅಕ್ಕ ಪೆರಂಬೂರಿನಲ್ಲೇ ಉಳಿದಳು. ಪದ್ಧತಿ ಮಾತ್ರ ಇಬ್ಬರಲ್ಲೂ ಉಳಿದಿತ್ತು.

ಚಿತ್ತಿರೈ ತಿಂಗಳ ಸುಡುಬಿಸಿಲಿನಲ್ಲಿ ಒಮ್ಮೆ ಗೇಟಿನ ಹತ್ತಿರ ಹೂವು ಕೊಳ್ಳುತ್ತಾ ತಲೆತಿರುಗಿ ಕುಸಿದೆನಲ್ಲ, ಎಲ್ಲ ಶುರುವಾಗಿದ್ದು ಅಲ್ಲಿಂದ. ಆಸ್ಪತ್ರೆಯಲ್ಲಿ ಬಿಪಿ ಸ್ವಲ್ಪ ಇದೆ ಎಂದರು. ಸಣ್ಣ ಗುಳಿಗೆ ಬರೆದುಕೊಟ್ಟರು. ಮನೆಯಲ್ಲೇ ನೋಡಿಕೊಳ್ಳಲು ಒಂದು ಯಂತ್ರ ಕಳಿಸುತ್ತೇವೆ ಎಂದರು. ಅದನ್ನು ತಂದವನು ಹಾಲಿನಲ್ಲಿ ಟಿವಿ ಪಕ್ಕಕ್ಕೆ ಬಿಳಿ ಡಬ್ಬ ಇಟ್ಟ, ತೋಳಿಗೆ ಸುತ್ತುವ ಪಟ್ಟಿ ತೋರಿಸಿದ. ಪಟ್ಟಿ ಕಟ್ಟಿ ಗುಂಡಿ ಒತ್ತಿದರೆ ಆಯಿತು, ಮಿಕ್ಕಿದ್ದೆಲ್ಲ ತಾನೇ ಹೋಗುತ್ತದೆ ಎಂದು ತಮಿಳಿನಲ್ಲಿ ಹೇಳಿದ. ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೆನಿಸಿತು. ಹೊಸ ಗಂಡಸು, ಅವಸರದಲ್ಲಿದ್ದ. ಕೇಳಲಿಲ್ಲ. ಸಂಜೆಯಿಂದ ಶುರುಮಾಡಿ ಎಂದು ಹೇಳಿ ಹೋದ.

ಮಧ್ಯಾಹ್ನ ಅಕ್ಕ ಬಂದಳು. ನಾನು ಬಿದ್ದ ಸುದ್ದಿ ಕೇಳಿ, ಚಟ್ನಿಪುಡಿ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದಿದ್ದಳು.

"ಏನೇ ಇದು ಚಿಕ್ಕೋಳೇ, ರೇಡಿಯೋ ಇದ್ದಂಗೈತೆ?"

"ಬಿಪಿ ನೋಡೋದಂತೆ ಅಕ್ಕ."

"ನೀನು ಕಟ್ಕೊಂಡ್ಯಾ?"

"ಇನ್ನೂ ಇಲ್ಲ."

"ಹೊಸಾದು ತಾನೇ? ಹಂಗಾದ್ರೆ ಇಲ್ಲಿ ಕಟ್ಟು" ಎಂದು ಬಳೆ ಮೇಲಕ್ಕೆ ಸರಿಸಿ ತೋಳು ಚಾಚಿದಳು.

ಕಟ್ಟಿದೆ. ಯಂತ್ರ ಗುರ್ರೆಂದು ಗಾಳಿ ತುಂಬಿಕೊಂಡು, ಉಸ್ಸೆಂದು ಬಿಟ್ಟು, ನೂರೆಂಬತ್ತರ ಮೇಲೆ ತೋರಿಸಿತು. ಅಕ್ಕ ನಕ್ಕಳು.

"ನೂರಕ್ಕೆ ನೂರೆಂಬತ್ತು! ಇಸ್ಕೂಲಲ್ಲಿ ಇಷ್ಟು ಮಾರ್ಕ್ಸ್ ಬಂದಿದ್ರೆ ನಾನು ಕಲೆಕ್ಟ್ರೇ ಆಗೋಗ್ತಿದ್ದೆ."

"ನಗಬೇಡ ಅಕ್ಕ. ಡಾಕ್ಟ್ರಿಗೆ ತೋರಿಸ್ಬೇಕು ಇದನ್ನ."

"ತೋರಿಸಿದ್ರೆ ಅವರು ನನ್ನ ಮಗನಿಗೆ ಹೇಳ್ತಾರೆ. ಅವನು ಬಂದು ಪೆರಂಬೂರು ಮನೆಗೆ ಬೀಗ ಜಡಿದು, ತನ್ನ ಫ್ಲಾಟಿಗೆ ಎತ್ತಾಕ್ಕೊಂಡು ಹೋಗ್ತಾನೆ. ಹದಿನಾಲ್ಕನೇ ಮಾಳಿಗೆ ಕಣೇ. ಕಾಗೆ ಕೂಡ ಬರಾಕಿಲ್ಲ ಅಲ್ಲಿಗೆ. ನಿನ್ನ ಈ ಡಬ್ಬಕ್ಕೆ ಕಟ್ಟಿ ಹಾಕವ್ರಲ್ಲ, ಹಂಗೇ ನನ್ನೂ ಕಟ್ಟಿ ಹಾಕ್ತಾರೆ." ಆಮೇಲೆ ನನ್ನ ಕೈ ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಯಾರಿಗಾದ್ರೂ ಬಾಯಿ ಬಿಟ್ಟೆ ಅಂದ್ರೆ ನನ್ನ ಮೇಲಾಣೆ."

ಕೈ ಅವಳ ತಲೆಯ ಮೇಲಿತ್ತು. ಹೂಂ ಎಂದೆ.

ಆ ಯಂತ್ರವನ್ನು ನಾನು ಎಗ್ಮೋರ್ ಸ್ಟೇಷನ್ನಿನಲ್ಲಿ ಹಿಂದೆ ಇದ್ದ ತೂಕದ ಯಂತ್ರದಂತೆ ಎಂದುಕೊಂಡಿದ್ದೆ. ಒಬ್ಬರು ಇಳಿದರೆ ಅವರ ತೂಕ ಅಳಿಸಿಹೋಯಿತು, ಇನ್ನೊಬ್ಬರು ಹತ್ತಬಹುದು. ಅದು ಹಾಗಲ್ಲ ಎಂದು ಗೊತ್ತಾದದ್ದು ಸಂಜೆ, ನಿಮ್ಮ ಅಮ್ಮ ಬ್ಯಾಂಕಿನಿಂದ ಬಂದಾಗ. ಚಪ್ಪಲಿ ಕೂಡ ಬಿಡದೆ ಒಳಗೆ ಓಡಿ ಬಂದಳು.

"ಅತ್ತೇ, ಮಧ್ಯಾಹ್ನ ಏನಾಯ್ತು? ಆಸ್ಪತ್ರೆಯಿಂದ ಮೆಸೇಜ್ ಬಂತು. ಮೀಟಿಂಗ್‌ನಲ್ಲಿ ನನಗೆ ಕೈಕಾಲೇ ಆಡ್ಲಿಲ್ಲ."

"ಏನೂ ಆಗ್ಲಿಲ್ಲಮ್ಮ. ಚೆನ್ನಾಗಿದ್ದೀನಿ."

"ನೀವು ಚೆನ್ನಾಗಿದ್ದೀನಿ ಅಂತೀರಿ, ಮೆಷಿನ್ ಹಂಗೆ ಹೇಳ್ತಾ ಇಲ್ವಲ್ಲ." ಫೋನು ತೋರಿಸಿದಳು. ಮೇಲೆ ನನ್ನ ಹೆಸರು, ನನ್ನ ವಯಸ್ಸು. ಕೆಳಗೆ ಅಕ್ಕನ ನೂರೆಂಬತ್ತು ಕೆಂಪು ಬಣ್ಣದಲ್ಲಿ. ಪಟ್ಟಿಯೊಳಗೆ ಯಾರ ತೋಳು ಇದ್ದರೂ ಆ ಡಬ್ಬಕ್ಕೆ ಅದು ನಾನೇ.

ಅವಳೇ ನನ್ನ ತೋಳಿಗೆ ಕಟ್ಟಿ ನೋಡಿದಳು. ಕಡಿಮೆಯಿತ್ತು. ಸದ್ಯ, ಬದುಕಿದೆ ಎಂದುಕೊಂಡೆ. ಆದರೆ ಅವಳ ಮುಖ ಇನ್ನೂ ಬಾಡಿತು. ಫೋನಿನಲ್ಲಿ ಡಾಕ್ಟರನ್ನು ಕೇಳಿದಳು. ಇಷ್ಟು ಏರಿ ಇಷ್ಟು ಇಳಿಯುವುದು ಇನ್ನೂ ಅಪಾಯ ಎಂದರಂತೆ ಅವರು.

ಮರುದಿನದಿಂದ ದೊಡ್ಡ ಗುಳಿಗೆ ಬಂತು. ನಿಮ್ಮ ಅಮ್ಮ ಕೆಲಸಕ್ಕೆ ಹೊರಡುವ ಮೊದಲು ನನ್ನ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದು, ನಾನು ನುಂಗುವವರೆಗೆ ನಿಲ್ಲುತ್ತಿದ್ದಳು. ಮಿಕ್ಕಿದ್ದನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಗುಳಿಗೆ ಹೊಟ್ಟೆಗೆ ಹೋದ ಮೇಲೆ ನೆಲ ಹಡಗಿನಂತೆ ತೂಗುತ್ತಿತ್ತು. ತಲೆ ಸುತ್ತುತ್ತದೆ ಎಂದರೆ, ನೋಡಿ, ಮೆಷಿನ್ ಹೇಳಿದ್ದು ಸರಿ ಎನ್ನುತ್ತಿದ್ದರು. ಸುತ್ತುವುದಿಲ್ಲ ಎಂದರೆ ಗುಳಿಗೆ ಕೆಲಸ ಮಾಡುತ್ತಿದೆ ಎನ್ನುತ್ತಿದ್ದರು. ಮಾತಾಡುವುದನ್ನೇ ಕಡಿಮೆ ಮಾಡಿದೆ.

ನಾನು ಒಬ್ಬಳೇ ಕೆಳಗೆ ಇಳಿಯುವುದೂ ನಿಂತಿತು. ಮೊದಲು ಗುರುವಾರಗಳಲ್ಲಿ ಬಸ್ ಹತ್ತಿ ಪೆರಂಬೂರಿಗೆ ಹೋಗಿ ಅಕ್ಕನೊಡನೆ ಊಟ ಮಾಡಿ ಬರುತ್ತಿದ್ದೆ. ವಾರಕ್ಕೆಲ್ಲ ನನ್ನದು ಎಂದಿದ್ದದ್ದು ಅದೊಂದೇ ದಿನ. ಒಂದು ಗುರುವಾರ ಸೀರೆ ಬದಲಿಸಿಕೊಂಡು ಇಳಿದೆ. ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತು ಕೈಮುಗಿದ. "ಮೇಲ ಪೋಂಗಮ್ಮಾ. ಮೇಡಂ ಸೊಲ್ಲಿರುಕ್ಕಾಂಗ." ಮೇಲೆ ಹೋಗಿ, ಮೇಡಂ ಹೇಳಿದ್ದಾರೆ ಎಂದ. ಹೂವಿನವಳು, ಇಸ್ತ್ರಿಯವನು, ಎಲ್ಲರೂ ನೋಡುತ್ತಿದ್ದರು. ನಾಚಿಕೆಯಿಂದ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದೆ. ಯಾರಾದರೂ ಬೈದು ಕೂಡಿಹಾಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ನಿಮ್ಮ ಅಮ್ಮ ನನಗಾಗಿ ಅಳುತ್ತಿದ್ದಳು. ಅಳುವವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಬಾಲ್ಕನಿಯ ಕಂಬಿ ಹಿಡಿದು ದೊಡ್ಡ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಾ ನಿಲ್ಲುವುದೂ ಬೇಡ ಎಂದರು. ಅಲ್ಲಿಂದ ಬಿದ್ದರೆ?

ಹಾಗಾಗಿ ಅಕ್ಕನೇ ಬರತೊಡಗಿದಳು. ಬಂದವಳಿಗೆ ವಿಷಯ ಹೇಳಿದೆ. ಅವಳ ಲೆಕ್ಕ ನನ್ನ ಹೆಸರಿಗೆ ಹೋಗುತ್ತಿದೆ, ಅವಳ ಬಿಪಿಗೆ ನಾನು ಗುಳಿಗೆ ನುಂಗುತ್ತಿದ್ದೇನೆ ಎಂದೆ.

"ಹಂಗಾದ್ರೆ ಆ ಗುಳಿಗೆ ನಂದಲ್ವೇನೇ? ನಂಗೆ ಕೊಡು, ನುಂಗ್ತೀನಿ. ನಿಂದು ನೀನು ನುಂಗು. ಇಬ್ರಿಗೂ ಸರಿಹೋಯ್ತದೆ."

"ಬೀರುವಿಗೆ ಬೀಗ ಐತೆ ಅಕ್ಕ."

"ನಿನ್ನ ಸೊಸೆ ನಮ್ಮತ್ತೆಗಿಂತ ಒಂದು ಕೈ ಮೇಲು ಬಿಡು."

"ಪಟ್ಟಿ ಕಟ್ಕೊಳ್ಳೋದನ್ನಾದ್ರೂ ಬಿಡು."

"ಎಷ್ಟೈತೆ ಅಂತ ಗೊತ್ತಾಗ್ಬೇಕಲ್ಲೇ. ಏರ್ತೋ ಇಳೀತೋ, ಒಂದೇ ಸಲ ನೋಡಿಬಿಡಾಣ."

ಇಡೀ ಜನ್ಮದಲ್ಲಿ ಅವಳಿಗೆ ಒಂದು ವಸ್ತು ಕೊಡುವುದಿಲ್ಲ ಎಂದವಳಲ್ಲ ನಾನು. ಕಟ್ಟಿದೆ. ಅವಳಿಗೆ ಒಳಗೊಳಗೇ ಭಯವಿತ್ತೆಂದು ಆಗ ನನಗೆ ಕಂಡಿತು. ಇಲ್ಲದಿದ್ದರೆ ಬಸ್ ಹತ್ತಿ ಬಂದು ಪ್ರತಿಸಲ ತೋಳು ಚಾಚುತ್ತಿದ್ದಳೇ? ಇನ್ನೊಂದು ಆಸೆಯೂ ನನ್ನಲ್ಲಿತ್ತು. ನಾನು ಬಾಯಿ ಬಿಡುವಂತಿಲ್ಲ, ಯಂತ್ರವೇ ಎಂದಾದರೂ ಇದು ಬೇರೆ ಹೆಂಗಸಿನ ರಕ್ತ ಎಂದು ಹೇಳಿಬಿಡಬಹುದು ಎಂದು. ಅದು ಹೇಳಲಿಲ್ಲ. ಅದಕ್ಕೆ ಸಂಖ್ಯೆ ಗೊತ್ತು, ತೋಳು ಗೊತ್ತಿಲ್ಲ.

ಆಸ್ಪತ್ರೆಗೆ ತೋರಿಸಲು ಹೋದಾಗ ಬಿಡುಗಡೆಯಾಗುತ್ತದೆ ಎಂದುಕೊಂಡಿದ್ದೆ. ಅಲ್ಲಿ ನರ್ಸ್ ತಮ್ಮ ಯಂತ್ರದಲ್ಲಿ ನೋಡಿದಳು, ತೀರ ಕಡಿಮೆಯಿತ್ತು. ಅದನ್ನು ಪೆನ್ನಿನಿಂದ ಒಂದು ಚೀಟಿಯಲ್ಲಿ ಬರೆದಳು. ಡಾಕ್ಟರ ಮುಂದೆ ದೊಡ್ಡ ಪರದೆ. ಅದರ ತುಂಬ ನಮ್ಮ ಮನೆಯ ಡಬ್ಬ ಕಳಿಸಿದ ಸಂಖ್ಯೆಗಳು ಗೋಪುರದಂತೆ ಏರಿ ಇಳಿಯುತ್ತಿದ್ದವು. ಚೀಟಿಯಲ್ಲಿದ್ದದ್ದು ಪರದೆಯಲ್ಲಿ ಇರಲಿಲ್ಲ. ನಿಮ್ಮ ಅಪ್ಪ ಕೇಳಿದ್ದಕ್ಕೆ, ಆಸ್ಪತ್ರೆಯ ಆ ಯಂತ್ರಕ್ಕೂ ಈ ಕಂಪ್ಯೂಟರಿಗೂ ಸಂಪರ್ಕವಿಲ್ಲ, ಯಾರಾದರೂ ಕೂತು ಟೈಪ್ ಮಾಡಬೇಕು ಎಂದರು. ಎಲ್ಲೋ ದೂರದ ನಮ್ಮ ಮನೆಯ ಹಾಲಿನಿಂದ ಸಂಖ್ಯೆ ತಾನಾಗಿ ಓಡಿ ಬರುತ್ತದೆ. ಪಕ್ಕದ ಕೋಣೆಯದು ಬರುವುದಿಲ್ಲ. ಡಾಕ್ಟರು ಚೀಟಿಯ ಮೇಲೊಮ್ಮೆ ಕಣ್ಣಾಡಿಸಿ, ಇಲ್ಲಿ ಎಸಿ ಇದೆ, ವಿಶ್ರಾಂತಿಯಲ್ಲಿದ್ದಾರೆ, ಅದಕ್ಕೇ ಕಡಿಮೆ ತೋರಿಸುತ್ತದೆ ಎಂದರು. ಚೀಟಿ ಮೇಜಿನ ಗಾಜಿನ ಮೇಲೆ ಉಳಿಯಿತು. ಅಕ್ಕನದು ಬೆರೆಯದ ನನ್ನ ರಕ್ತದೊತ್ತಡ ಅದೊಂದರಲ್ಲೇ ಇತ್ತು. ಎದ್ದು ಬರುವಾಗ ಎಸಿಯ ಗಾಳಿಗೆ ಅದು ಕೆಳಗೆ ಬಿದ್ದದ್ದನ್ನು ನೋಡಿದೆ. ಎತ್ತಿಕೊಡಲು ಸಂಕೋಚವಾಯಿತು.

ಆಮೇಲೆ ಆ ದಿನ ಬಂತು. ಅಕ್ಕ ಮೆಟ್ಟಿಲು ಹತ್ತಿ ಬಂದು ಸೋಫಾದಲ್ಲಿ ಕೂತವಳು ಎಂದಿನಂತೆ ಮಾತಾಡಲಿಲ್ಲ. ಕುತ್ತಿಗೆ ಬೆವರಿತ್ತು. ಲಿಫ್ಟ್ ಕೆಟ್ಟಿತ್ತು ಎಂದಳು. ಕಾಫಿ ಬೇಡ ಎಂದಳು, ತಾನೇ ಪಟ್ಟಿ ಎಳೆದು ಕಟ್ಟಿಕೊಂಡಳು. ಡಬ್ಬದಿಂದ ಹಿಂದೆಂದೂ ಕೇಳದ ಸದ್ದು ಬಂತು. ಇನ್ನೂರು ದಾಟಿತ್ತು. ತಕ್ಷಣ ನನ್ನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯ ಹುಡುಗಿ.

"ಅಮ್ಮಾ, ಉಕ್ಕಾಂದು ಇರುಂಗ, ಎಳುಂದಿರಿಕ್ಕಾದೀಂಗ. ವಂಡಿ ಅನುಪ್ಪುರೋಂ." ಕೂತೇ ಇರಿ, ಏಳಬೇಡಿ, ಗಾಡಿ ಕಳಿಸುತ್ತೇವೆ ಎಂದಳು. ನಾನು ಬಾಯಿ ತೆರೆದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸರಿ ಎಂದು ಫೋನು ಇಟ್ಟೆ.

ಸ್ಟ್ರೆಚರ್ ಹಿಡಿದು ಇಬ್ಬರು ಬಂದರು. ಒಬ್ಬ ಫೋನಿನಲ್ಲಿ ನನ್ನ ಹೆಸರು ಓದಿ ಯಾರು ಎಂದ. ಹೆಸರು ನನ್ನದು, ಇಲ್ಲ ಎನ್ನುವುದು ಹೇಗೆ? ಪಡುಂಗಮ್ಮಾ, ಮಲಗಿ ಎಂದರು. ನಾನು ಮಲಗಿದೆ. ಜೊತೆಗೆ ಒಬ್ಬರು ಬರಬೇಕು ಎಂದದ್ದಕ್ಕೆ ಅಕ್ಕ ಚೀಲ ಎತ್ತಿಕೊಂಡು, ಗೋಡೆ ಹಿಡಿದುಕೊಂಡು, ನನ್ನ ಸ್ಟ್ರೆಚರ್ ಹಿಂದೆ ಮೆಟ್ಟಿಲು ಇಳಿದಳು. ತೊಂದರೆಯಿದ್ದವಳು ನಡೆದಳು, ಏನೂ ಇಲ್ಲದವಳನ್ನು ಹೊತ್ತುಕೊಂಡು ಹೋದರು. ಗೇಟಿನಲ್ಲಿ ವಾಚ್‌ಮನ್ ಮತ್ತೆ ಕೈಮುಗಿದ. ಈ ಸಲ ನನ್ನನ್ನು ಹೊರಗೆ ಬಿಟ್ಟ.

ಗಾಡಿಯೊಳಗೆ ನನ್ನ ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ಕಡಿಮೆ. ಪಟ್ಟಿ ಬದಲಿಸಿದರು. ಇನ್ನೂ ಕಡಿಮೆ. ಅವರಿಗೆ ಗಾಬರಿಯಾಗಿ ಸೈರನ್ ಹಾಕಿದರು. ಸೈರನ್ನಿನ ಕೆಳಗೆ ಅಕ್ಕ ಬಗ್ಗಿ ನನ್ನ ಕಿವಿಯಲ್ಲಿ, "ಹೆದರ್ಕೋಬೇಡ್ವೇ, ನಿಂಗೇನೂ ಆಗಿಲ್ಲ" ಎಂದಳು. ಹಾಗೆನ್ನುವಾಗ ಅವಳ ನಾಲಿಗೆ ಸ್ವಲ್ಪ ತೊದಲಿತು.

ಆಸ್ಪತ್ರೆಯಲ್ಲಿ ಮಂಚಕ್ಕೆ ಹಾಕಿದರು. ಡಾಕ್ಟರು, ನರ್ಸ್, ಇನ್ನೂ ಯಾರೋ ಸುತ್ತ ನಿಂತರು. ಒಬ್ಬರು ಮನೆಯಿಂದ ಇನ್ನೂರು ಬಂದಿದೆ ಎಂದರು, ಒಬ್ಬರು ಇಲ್ಲಿ ತೊಂಬತ್ತಿದೆ ಎಂದರು. ಮನೆಯ ಮೆಷಿನ್ ಕೆಟ್ಟಿರಬೇಕು ಎಂದು ಒಬ್ಬರು, ಇಷ್ಟು ಬೇಗ ಇಳಿದಿದೆ ಎಂದರೆ ಐಸಿಯುಗೆ ಹಾಕಬೇಕು ಎಂದು ಇನ್ನೊಬ್ಬರು. ಮಂಚದ ಬುಡದಲ್ಲಿ ಅಕ್ಕ ಕಂಬಿ ಹಿಡಿದು ನಿಂತಿದ್ದಳು. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಕಂಬಿ ಹಿಡಿದ ಅವಳ ಕೈ ನಡುಗಿ, ಬಳೆಗಳು ಕಬ್ಬಿಣಕ್ಕೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು.

ನನ್ನ ಮೇಲೆ ಆಣೆಯಿತ್ತು. ಬಾಯಿ ಬಿಟ್ಟರೆ ಅವಳಿಗೇ ತಟ್ಟುವ ಆಣೆ. ಬಿಡದಿದ್ದರೆ ಅವಳು ಅಲ್ಲೇ ಬೀಳುತ್ತಾಳೆ. ನಾನು ಮಾತಾಡಲಿಲ್ಲ. ನನ್ನ ತೋಳಿನ ಪಟ್ಟಿಯನ್ನು ಚರ್ರೆಂದು ಕಿತ್ತು, ಎದ್ದು ಕೂತು, ಅಕ್ಕನ ಮುಂಗೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡೆ. ಅವಳ ಬಳೆ ಸರಿಸಿ ತೋಳಿಗೆ ಪಟ್ಟಿ ಸುತ್ತಿದೆ.

"ಎನ್ನಮ್ಮಾ ಪಣ್ರೀಂಗ?" ಏನು ಮಾಡುತ್ತಿದ್ದೀರಿ ಎಂದು ನರ್ಸ್ ಗದರಿದಳು.

ಅಕ್ಕ ಕೈ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಮಂಚದ ಅಂಚಿನಲ್ಲಿ ನನ್ನ ಪಕ್ಕ ಕೂತಳು. ನಾನೇ ಗುಂಡಿ ಒತ್ತಿದೆ. ಸಂಖ್ಯೆ ಏರುತ್ತಾ ಹೋಗಿ ಮನೆಯಲ್ಲಿ ನಿಂತ ಜಾಗದಲ್ಲೇ ನಿಂತಿತು. ಎಲ್ಲರೂ ಅವಳ ಮುಖ ನೋಡಿದರು, ಮೊದಲ ಸಲ.

"ಅದು ಎನ್ನೋಡದು ದಾನ್‌ಪ್ಪಾ" ಎಂದಳು ಅಕ್ಕ. ಅದು ನನ್ನದೇ ಕಣಪ್ಪಾ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಬಾಯಿ ಬಿಡ್ಲಿಲ್ಲ ಅಂತ ತಪ್ಪಿಸ್ಕೊಂಡೆ, ಕಳ್ಳಿ" ಎಂದಳು.

ಅವಳನ್ನು ಅದೇ ಮಂಚದಲ್ಲಿ ಮಲಗಿಸಿದರು. ನಾನು ಇಳಿದು ಬುಡದಲ್ಲಿ ನಿಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಒಂದು ಪಕ್ಕ ಬಿದ್ದುಹೋಗುತ್ತಿತ್ತು ಎಂದು ಆಮೇಲೆ ಹೇಳಿದರು. ನಿಮ್ಮ ಅಮ್ಮ ಬಂದು, ಎಲ್ಲ ಕೇಳಿ, ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ತಿಂಗಳುಗಟ್ಟಲೆ ತಾನು ಕೊಟ್ಟ ಗುಳಿಗೆಗಳಿಗಾಗಿ ಅತ್ತಳು. ಅವಳ ತಪ್ಪಲ್ಲ.

ಅಕ್ಕ ಹೇಳಿದ್ದಂತೆಯೇ ಆಯಿತು. ಮಗ ಬಂದು ಪೆರಂಬೂರು ಮನೆಗೆ ಬೀಗ ಹಾಕಿದ, ಅವಳನ್ನು ಹದಿನಾಲ್ಕನೇ ಮಾಳಿಗೆಗೆ ಕರೆದುಕೊಂಡು ಹೋದ. ಅವಳಿಗೂ ಒಂದು ಬಿಳಿ ಡಬ್ಬ ಬಂತು. ಕೆಲವು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ಬೆಳಗ್ಗೆ ಫೋನು ಬಂತು. "ಏನೇ ಚಿಕ್ಕೋಳೇ, ಇವತ್ತು ನಿಂಗೆಷ್ಟು ಮಾರ್ಕ್ಸು? ಇಲ್ಲಿಗೂ ಕಾಗೆ ಬತ್ತದೆ ಕಣೇ. ಎಸಿ ಡಬ್ಬದ ಮೇಲೆ ಕೂತ್ಕೊಂಡು ನನ್ನೇ ನೋಡ್ತದೆ, ಯಾಕೆ ಬಂದೆ ಇಲ್ಲಿಗೆ ಅಂತ."

ನನ್ನ ದೊಡ್ಡ ಗುಳಿಗೆ ನಿಂತಿತು. ತಲೆ ಸುತ್ತುವುದೂ ನಿಂತಿತು. ಆದರೆ ನನ್ನ ಹೆಸರಿನಲ್ಲಿ ಹೋದ ಅಕ್ಕನ ಸಂಖ್ಯೆಗಳು ಹಾಗೇ ಉಳಿದವು. ಅವನ್ನು ತೆಗೆಸಲು ನಿಮ್ಮ ಅಮ್ಮ ಬಹಳ ಅಲೆದಳು. ಅವು ಯಂತ್ರದ ಕಂಪನಿಯಿಂದ ಬಂದವು, ನಾವು ನೋಡಬಹುದೇ ಹೊರತು ಅಳಿಸುವಂತಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ಒಮ್ಮೆ ಆಸ್ಪತ್ರೆಗೆ ಕಳಿಸಿದ ಮೇಲೆ ನಮ್ಮ ಕೈಯಲ್ಲಿಲ್ಲ ಎಂದು ಕಂಪನಿಯವರು. ಕಳಿಸುವುದಕ್ಕೆ ದಾರಿ ಮಾಡಿದ್ದಾರೆ, ಹಿಂದಕ್ಕೆ ಕರೆಸುವುದಕ್ಕೆ ಮಾಡಿಲ್ಲ.

ನನ್ನ ಕಣ್ಣು ಉಳಿದದ್ದು ಅದಕ್ಕೇ. ಪೊರೆ ತೆಗೆಯುವ ಡಾಕ್ಟರು ಪರದೆ ನೋಡಿ ಕೈ ಹಿಂದೆಗೆದರು. ಇನ್ನೂರು ದಾಟಿದವರಿಗೆ ಈಗಲೇ ಬೇಡ, ಇನ್ನಷ್ಟು ಕಾಲ ನೋಡೋಣ ಎಂದರು. ಅದು ನನ್ನದಲ್ಲ ಎಂದು ನಿಮ್ಮ ಅಪ್ಪ ಹೇಳಿದರೆ, ಸಿಸ್ಟಮ್‌ನಲ್ಲಿ ಇವರದೇ ಎಂದಿದೆಯಲ್ಲ ಸಾರ್ ಎಂದರು. ಅಕ್ಕನ ಕಡತದಲ್ಲಿ ಹಿಂದೆ ಯಾವ ತೊಂದರೆಯೂ ಇರಲಿಲ್ಲ ಎಂದು ಇದೆಯಂತೆ. ಹಳೆಯದೆಲ್ಲ ನನ್ನ ಪಾಲಿಗೆ ಬಂದಿದೆ. ಬೇರೆ ಡಾಕ್ಟರ ಹತ್ತಿರ ಹೋದರೂ ಆ ಸಂಖ್ಯೆಗಳ ಗೋಪುರ ನನಗಿಂತ ಮೊದಲೇ ಅಲ್ಲಿ ಹೋಗಿ ನಿಂತಿರುತ್ತದೆ. ವಾಚ್‌ಮನ್ ಇನ್ನೂ ಗೇಟಿನಲ್ಲಿ ನನ್ನ ಮೇಲೆ ಕಣ್ಣಿಡುತ್ತಾನೆ. ನಿಮ್ಮ ಅಮ್ಮ ಅವನಿಗೆ ಬಿಡು ಎಂದು ಹೇಳಿದ್ದಾಳೆ. ಆದರೂ ನಾನು ಇಳಿದಾಗಲೆಲ್ಲ ಅವಳ ಫೋನಿಗೆ ಒಂದು ಮಾತು ಹಾಕುತ್ತಾನೆ. ಅವಳು ಬ್ಯಾಂಕಿನಿಂದ ಕರೆದು ಎಲ್ಲಿದ್ದೀರಿ ಅತ್ತೆ ಎಂದು ಕೇಳುತ್ತಾಳೆ. ಹೂವಿನವಳ ಹತ್ತಿರ ಎನ್ನುತ್ತೇನೆ. ಮೇಲೆ ಬರುತ್ತೇನೆ.

ಇದನ್ನು ಬರೆಯಲೇ ಎಂದು ಅಕ್ಕನನ್ನು ಕೇಳಿದೆ. "ಬರಿ. ಬರೆದಾದ್ಮೇಲೆ ಮೊದ್ಲು ನನ್ನ ಕೈಗೆ ಕೊಡು" ಎಂದಳು. ಇಲ್ಲಿಯವರೆಗೆ ಬರೆದದ್ದನ್ನು ನಿಮ್ಮ ಅಪ್ಪನ ಕೈಯಲ್ಲಿ ಕಳಿಸಿದ್ದೆ. ಅವಳು ಮುಟ್ಟಿ, ಓದಿಸಿಕೊಂಡು, ವಾಪಸ್ ಕಳಿಸಿದ್ದಾಳೆ. ಮೊದಲ ಹಾಳೆಯ ಮೂಲೆಯಲ್ಲಿರುವ ಅರಿಶಿನದ ಗುರುತು ಅವಳ ಬೆರಳಿನದು.

ಚಿನ್ನೀ, ಗುಂಡಾ, ಮುಂದೆ ನಿಮಗೆ ವಯಸ್ಸಾದಾಗ ಯಾವ ಡಾಕ್ಟರಾದರೂ ನಿಮ್ಮ ಮನೆಯಲ್ಲಿ ಯಾರಿಗೆ ಇಷ್ಟು ಬಿಪಿ ಇತ್ತು ಎಂದು ಕೇಳುತ್ತಾರೆ. ಕಂಪ್ಯೂಟರು ನನ್ನ ಹೆಸರು ಹೇಳುತ್ತದೆ. ನಿಮ್ಮ ಮೈಯಲ್ಲಿರುವುದು ನನ್ನ ರಕ್ತ, ದೊಡ್ಡಪಾಟಿಯದಲ್ಲ. ನನ್ನ ಹಾಗೆ ಇಲ್ಲದ ಕಾಯಿಲೆಯೊಳಗೆ ನಿಮ್ಮನ್ನೂ ಕೂಡಿಹಾಕುವುದು ಬೇಡ. ಅವಳ ಮೊಮ್ಮಕ್ಕಳಿಗೂ ಇದನ್ನು ಓದಿ ಹೇಳಿ. ಆ ಸಂಖ್ಯೆಗಳು ಬೇಕಾದದ್ದು ಅವರಿಗೆ. ಅವು ಯಾರ ತೋಳಿನವೆಂದು ಬರೆದಿರುವುದು ಇಲ್ಲೊಂದೇ ಕಡೆ. ಫೋನಿನಲ್ಲಿ ಫೋಟೋ ಹಿಡಿದಿಟ್ಟರೆ ಸಾಲದು. ಕಬ್ಬಿಣದ ಬೀರುವಿನಲ್ಲಿ, ನನ್ನ ಸೀರೆಗಳ ಅಡಿಯಲ್ಲಿ, ನೀರು ತಾಗದ ಹಾಗೆ ಈ ಹಾಳೆಗಳನ್ನೇ ಜೋಪಾನವಾಗಿ ಇಟ್ಟುಕೊಳ್ಳಿ.